ವಸಾಲಯ

ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ
ಎದೆಗವುಚಿಕೊಂಡು ತಂದಳು ಕೀಬೋರ್ಡನ್ನು ನಿಖತ್.
ಹಿಂದೆ ಪೂರ್ಣೇಶ, ಕೈಯಲ್ಲಿ ಅಡಾಪ್ಟರು,
ಕೊರಳಲ್ಲಿ ಇನ್ನೂ ಆಸ್ಪತ್ರೆಯ ಗುರುತಿನ ಚೀಟಿ.
ದುರ್ಗಿಗುಡಿಯಲ್ಲಿ ಮೆಟ್ಟಿಲಡಿಗೆ ನನ್ನ ಅಂಗಡಿ:
ಬಗ್ಗಿ ಬರಬೇಕು. ಇಬ್ಬರು ಬಂದರೆ
ಒಬ್ಬರು ಹೊರಗೇ ನಿಲ್ಲಬೇಕು.

ಏನಾಗಿದೆ, ಅಂದೆ.
"ಇದು ಸಾಯಬಾರದು ಅಂಕಲ್,
ಆದರೆ ಹುಷಾರೂ ಆಗಬಾರದು."

ಬಿಚ್ಚಿದೆ. ಎಂಬತ್ತಾರನೇ ಇಸವಿಯ ಮಾಲು.
ಒಳಗೆ ಜಿರಳೆ ಮೊಟ್ಟೆ, ಯಾರದೋ ಮದುವೆಯ
ನಾಲ್ಕು ಅಕ್ಷತೆ ಕಾಳು.
ಬೆಸುಗೆ ನನ್ನದೇ ಇರಬಹುದು;
ಆಗ ಊರಲ್ಲಿ ಇದನ್ನು ಬಿಚ್ಚುವವರು ಮೂರೇ ಜನ.
ಬಲತುದಿಯ ಒಂದು ಮನೆ, ಅವಳ ಶ್ರುತಿಗೆ 'ನಿ',
ಒತ್ತಿದರೆ ಮುಗಿಯಿತು, ಬೆರಳು ತೆಗೆದರೂ
ಸಾಲ ಕೇಳಲು ಬಂದವನ ಹಾಗೆ ನಿಂತೇ ಇರುತ್ತದೆ.
ತಳದಲ್ಲೊಂದು ಗುಂಯ್.

ಆ ಗುಂಯ್ ತೆಗೆಯುವುದೇ ನಲವತ್ತು ವರ್ಷದಿಂದ ನನ್ನ ಅನ್ನ.
ಗುಡಿಯ ಮೈಕಿನಿಂದ, ಮಸೀದಿಯ ಹಾರನ್ನಿನಿಂದ,
ಚುನಾವಣೆ ಆಟೋಗಳ ನೆತ್ತಿಯಿಂದ
ಹುಡುಕಿ ಹುಡುಕಿ ಹಿಡಿದು
ಅರ್ತಿಂಗ್ ಕೊಟ್ಟು ಮಣ್ಣಿಗೆ ಕಳಿಸಿದ್ದೇನೆ.
ಇವರಿಗೆ ಅದೇ ಬೇಕಂತೆ.
ಹಾಡು ಕೂತಿರುವುದೇ ಅದರ ಮೇಲಂತೆ.

ಪುಸ್ತಕದಲ್ಲಿ ಬರೆದೆ:
ಕೆಲಸ, ಏನೂ ಮಾಡಿಲ್ಲ. ಕೂಲಿ, ನೂರೈವತ್ತು.
ಚಿಲ್ಲರೆಯಲ್ಲಿ ಎಣಿಸಿ ಕೊಟ್ಟರು.

ಹಗಲು ಅವಳು ಗಾಂಧಿ ಬಜಾರಿನಲ್ಲಿ ಕನ್ನಡಕ ಮಾರುತ್ತಾಳೆ,
ಜನರ ಮೂಗಿಗೆ ಗಾಜು ಏರಿಸಿ "ಈಗ? ಈಗ?" ಅನ್ನುತ್ತಾಳೆ.
ಅವನು ಎಕ್ಸ್‌ರೇ ಕೋಣೆಯಲ್ಲಿ
"ಉಸಿರು ಹಿಡೀರಿ" ಅನ್ನುವವನು.
ರಾತ್ರಿ ಸೇರಿ ಅದನ್ನೇ ಹಾಡು ಮಾಡುತ್ತಾರೆ.
ಡ್ರಮ್ಮಿಗೆ ಚರ್ಮವಿಲ್ಲ; ಪೆಟ್ಟಿಗೆಯೊಳಗೆ ಯಾರೋ ಕೂತು
ಗೋಣಿತಟ್ಟು ಕೊಡವಿದಂತೆ ಟಪ್, ಟಪ್, ಟಿಸ್.
ಅವಳ ದನಿಯಲ್ಲಿ ಭಾವವೇ ಇಲ್ಲ ಅಂದುಕೊಂಡಿದ್ದೆ.
ಇದೆ. ಇಸ್ತ್ರಿ ಮಾಡಿ ಮಡಚಿಟ್ಟಿದ್ದಾಳೆ,
ಅಂಚು ಮಾತ್ರ ಕಾಣುತ್ತದೆ.

"ನಮಗೆ ಎಂಬತ್ತರ ದಶಕ ಬೇಕು" ಅಂದ ಪೂರ್ಣೇಶ,
ತೊಂಬತ್ತೆಂಟರಲ್ಲಿ ಹುಟ್ಟಿದವನು.
ಯಾವ ಎಂಬತ್ತು ಮಾರಾಯ?
ನನ್ನದರಲ್ಲಿ ಸೀಮೆಎಣ್ಣೆಗೆ ಸಾಲಿತ್ತು.
ಕರೆಂಟು ಹೋಗಿ ಆರ್ಕೆಸ್ಟ್ರಾ ಅರ್ಧಕ್ಕೆ ನಿಂತರೆ
ನಮ್ಮ ಗಾಯಕಿ ಕತ್ತಲಲ್ಲೇ ಚಕ್ಕುಲಿ ಮುರಿಯುವ ಸದ್ದು
ಕೊನೆಯ ಸಾಲಿಗೂ ಕೇಳುತ್ತಿತ್ತು.
ನೇರಳೆ ಬೆಳಕು, ಹೊಗೆ, ಭುಜ ಉಬ್ಬಿದ ಕೋಟು
ಯಾವುದೂ ಈ ಊರಿನ ಬಸ್ಸು ಹತ್ತಲಿಲ್ಲ.
ಬಂದದ್ದು ಒಂದೇ ನಿಯಾನ್,
ನೆಹರು ರಸ್ತೆಯಲ್ಲಿ 'ಪದ್ಮಾ ವಸ್ತ್ರಾಲಯ'.
ಮೊದಲ ಮಳೆಗೇ ಒತ್ತಕ್ಷರಗಳೆಲ್ಲ ಸುಟ್ಟು
ಊರಿಗೆ ಊರೇ ಓದಿತು: ಪದಾ ವಸಾಲಯ.
"ವಸಾಲಯದ ಹತ್ರ ಸಿಗು" ಅನ್ನುತ್ತಿದ್ದೆವು ಹುಡುಗರು.

ಇಬ್ಬರೂ ಮುಖ ಮುಖ ನೋಡಿಕೊಂಡರು.
ನಾನು ಹೇಳಬಾರದಿತ್ತು.

ಮೊನ್ನೆ ಶನಿವಾರ, ಬೀಗ ಬಿದ್ದ ಟೈಪಿಂಗ್ ಶಾಲೆಯ ಮಹಡಿಯಲ್ಲಿ
'ವಸಾಲಯ'ದ ಮೊದಲ ಕಚೇರಿ.
ಜನ ಹತ್ತೊಂಬತ್ತು, ವಾಚ್‌ಮನ್ ಸೇರಿ.
ಗೋಡೆಗೆ ಯಾರದೋ ಮೊಣಕಾಲಿನ ಎಕ್ಸ್‌ರೇ,
ಅದರ ಬೆನ್ನಿಗೆ ಬಲ್ಬು. ಅಷ್ಟೇ ನೀಲಿ, ಅಷ್ಟೇ ಬೆಳಕು.
ಗುಂಯ್ ಎದ್ದಿತು.
ನನ್ನ ಕೈ ತಾನಾಗಿ ಅರ್ತಿಂಗ್ ತಂತಿಗೆ ಹೋಯಿತು.
ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೂತೆ.

ಕೊನೆಗೆ ಅವಳು ಆ 'ನಿ' ಒತ್ತಿದಳು.
ಬೆರಳು ತೆಗೆದಳು. ಕುರ್ಚಿ ಬಿಟ್ಟೆದ್ದು ನೀರು ಕುಡಿದಳು.
'ನಿ' ನಿಂತೇ ಇತ್ತು.
ಮುಂದಿನ ಮೆಟ್ಟಿಲು 'ಸ', ಒಂದು ಹೆಜ್ಜೆ,
ಇಡಬಾರದೇ ಯಾರಾದರೂ?
ಪೂರ್ಣೇಶ ಬಂದು ಪ್ಲಗ್ಗು ಕಿತ್ತ.

ಗಂಟಲಲ್ಲಿ ಆ 'ಸ' ಇಟ್ಟುಕೊಂಡೇ
ನೆಹರು ರಸ್ತೆ ಪೂರ್ತಿ ನಡೆದೆ,
ಎಲ್ಲಿ ಇಳಿಸಬೇಕೋ ಗೊತ್ತಾಗದೆ.
ವಸ್ತ್ರಾಲಯವಿದ್ದಲ್ಲಿ ಈಗ ಮೊಬೈಲು ಅಂಗಡಿ.
ಬೋರ್ಡು ಉರಿಯುತ್ತಿತ್ತು,
ಒಂದು ಒತ್ತೂ ಕೆಟ್ಟಿರಲಿಲ್ಲ.